ಹಿತ್ತಲ ಹರಟೆ: ಹಕ್ಕಿಯ ಮಡಿಗೆ ಚಮಚದಷ್ಟು ಬೀಜ



ಬೇಸಿಗೆಯಲ್ಲಿ ಇದೇ ಅಂಕಣದಲ್ಲಿ ಹಕ್ಕಿಗಳಿಗೆ ಮಣ್ಣಿನ ತಟ್ಟೆಯಲ್ಲಿ ನೀರಿಡುವ ಬಗ್ಗೆ ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನೋದಿ ಹಿರಿಯೂರಿನ ಕಡೆಯ ಸೋದರಿಯೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಅವರ ಮನೆಯ ಪಕ್ಕದಲ್ಲೇ ಅವರದೇ ಒಂದು ಖಾಲಿ ಸೈಟಿದೆಯಂತೆ. ಪಾರ್ಥೇನಿಯಂ ಬೆಳೆದು ನಿಂತಿದೆ. ಅದನ್ನು ಕಿತ್ತು, ಗುಬ್ಬಿ ಗಿಳಿಗಳಿಗೆ ಅಂತಲೇ ಒಂದಿಷ್ಟು ಸಜ್ಜೆ, ಸೂರ್ಯಕಾಂತಿ ಬಿತ್ತಬೇಕೆಂದು ಅವರಿಗೆ ಆಸೆ. ಬೀಜದಂಗಡಿಗೆ ಹೋಗಿ ಕೇಳಿದರೆ ಎರಡು ಕೆ.ಜಿ. ಸೂರ್ಯಕಾಂತಿ ಚೀಲಕ್ಕೆ ಸಾವಿರದ ಮೇಲೆ ಹೇಳಿದರಂತೆ. "ಚೀಲ ಒಡೆದು ಕೊಡೋಕೆ ಬರಲ್ಲಮ್ಮ" ಅಂದರಂತೆ. ಮನೆಗೆ ಬಂದು ಹೇಳಿದಾಗ ಯಜಮಾನರು "ಹಕ್ಕಿಗೆ ಸಾವಿರ ರೂಪಾಯಾ?" ಎಂದು ನಕ್ಕುಬಿಟ್ಟರಂತೆ. "ಬೈದಿದ್ದರೆ ಸುಮ್ಮನಿರುತ್ತಿದ್ದೆ ಅಕ್ಕ, ನಕ್ಕಿದ್ದಕ್ಕೆ ಬೇಜಾರಾಯಿತು. ಕಡಿಮೆ ಬೆಲೆಗೆ ಬೀಜ ಎಲ್ಲಿ ಸಿಗುತ್ತೆ, ತಿಳಿಸಿ" ಎಂದು ಕೇಳಿದ್ದಾರೆ.

ಈ ಸೋದರಿಗೆ ನಾನು ಮೊದಲು ಹೇಳುವುದು, ನೀವು ತಪ್ಪು ಅಂಗಡಿಗೆ ಹೋಗಿದ್ದೀರಿ. ಆ ಎರಡು ಕೆ.ಜಿ. ಚೀಲ ಕಟ್ಟಿರುವುದೇ ಒಂದು ಎಕರೆ ಬಿತ್ತುವ ರೈತರಿಗೆ ಅಂತ. ನಿಮ್ಮದು ಎಕರೆ ಅಲ್ಲವಲ್ಲ! ಸ್ವಲ್ಪ ಲೆಕ್ಕ ಹಾಕೋಣ. ನಾನು ಓದಿದ್ದು ಎಸ್.ಎಸ್.ಎಲ್.ಸಿ.ಯವರೆಗೆ ಮಾತ್ರ, ಆದರೆ ಹಾಲಿನ ಲೆಕ್ಕ, ಚೀಟಿಯ ಲೆಕ್ಕ ಬರುವವರಿಗೆಲ್ಲ ಈ ಲೆಕ್ಕವೂ ಬರುತ್ತದೆ. ಸಜ್ಜೆ ಎಕರೆಗೆ ಒಂದೂವರೆಯಿಂದ ಎರಡು ಕೆ.ಜಿ. ಬಿತ್ತುತ್ತಾರೆ. ಒಂದು ಎಕರೆ ಎಂದರೆ 43,560 ಚದರಡಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಮಡಿ ಎಂದರೆ 100 ಚದರಡಿ. ಅದಕ್ಕೆ ಬೇಕಾಗುವುದು ಐದು ಗ್ರಾಂಗಿಂತಲೂ ಕಡಿಮೆ, ಅಂದರೆ ಒಂದು ಸಣ್ಣ ಚಮಚ. 30-40 ಸೈಟು ಪೂರ್ತಿ ಬಿತ್ತಿದರೂ 55 ಗ್ರಾಂ ಸಾಕು. ಇರುವೆ ಹೊತ್ತುಕೊಂಡು ಹೋಗುತ್ತೆ, ಹಕ್ಕಿ ಕೆದಕುತ್ತೆ, ಒಂದಷ್ಟು ಹುಟ್ಟುವುದೇ ಇಲ್ಲ ಅಂತ ಎರಡರಷ್ಟು ಹಿಡಿದರೂ ನೂರು ಗ್ರಾಂ ಚಿಲ್ಲರೆ. ಸಂತೆಯಲ್ಲಿ ಕಳೆದ ಸಲ ನಾನು ಅರ್ಧ ಕೆ.ಜಿ. ಸಜ್ಜೆಗೆ ಕೊಟ್ಟಿದ್ದು ಇಪ್ಪತ್ತು ರೂಪಾಯಿ. ಆ ಲೆಕ್ಕದಲ್ಲಿ ಇಡೀ ಸೈಟಿನ ಬಿತ್ತನೆಗೆ ನಾಲ್ಕೈದು ರೂಪಾಯಿ. ಯಜಮಾನರಿಗೆ ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಕಾಫಿ ಲೋಟದ ಕೆಳಗೆ ಇಡಿ.

ಹಾಗಾದರೆ ಬೀಜ ಎಲ್ಲಿ? ಮೊದಲು ಅಡುಗೆಮನೆಯ ಡಬ್ಬಗಳನ್ನು ತೆಗೆದು ನೋಡಿ. ಮಗುವಿನ ಸರಿಗೆ ರಾಗಿ ಮೊಳಕೆ ಕಟ್ಟುತ್ತೀವಲ್ಲ, ಅದು ಅಂಗಡಿಯ ರಾಗಿಯೇ ತಾನೆ? ಮದುವೆಮನೆಯಲ್ಲಿ ಪಾಲಿಕೆಗೆ ಹಾಕುವ ನವಧಾನ್ಯ ಗ್ರಂಥಿಗೆ ಅಂಗಡಿಯಿಂದಲೇ ಬರೋದು, ನಾಲ್ಕು ದಿನಕ್ಕೆ ಹೇಗೆ ಚಿಗುರುತ್ತೆ ನೋಡಿದ್ದೀರಿ. ಅಂದ ಮೇಲೆ ಇಡೀ ಕಾಳು, ಹುರಿಯದ ಕಾಳು, ಸಿಪ್ಪೆ ತೆಗೆಯದ ಕಾಳು ಯಾವುದಾದರೂ ಬಿತ್ತನೆಗೆ ಬರುತ್ತದೆ. ಸಾಸಿವೆ, ಮೆಂತ್ಯ, ಕೊತ್ತಂಬರಿ, ಕರಿ ಎಳ್ಳು, ಹೆಸರು, ಅಲಸಂದೆ, ಅವರೆ ಎಲ್ಲ ಆದೀತು. ಆಗದಿರುವುದು ಯಾವುದೆಂದರೆ ಅಂಗಡಿಯಲ್ಲಿ ಚೆಂದದ ಪೊಟ್ಟಣದಲ್ಲಿ ಬರುವ ನವಣೆ ಅಕ್ಕಿ, ಸಾಮೆ ಅಕ್ಕಿ. ಅದು ಹೊಟ್ಟು ತೆಗೆದು ಪಾಲಿಶ್ ಮಾಡಿದ್ದು. ಬೇಯಿಸಿ ತಿನ್ನಲು ಸರಿ, ಬಿತ್ತಲು ಅಲ್ಲ. 2023ನ್ನು ಸಿರಿಧಾನ್ಯ ವರ್ಷ ಅಂತ ಮಾಡಿದ ಮೇಲೆ ಪೊಟ್ಟಣಗಳು ಎಲ್ಲ ಕಡೆ ಬಂದವು, ಆದರೆ ಹೊಟ್ಟಿರುವ ನವಣೆ ಕಾಣಸಿಗುವುದು ಈಗಲೂ ಕಷ್ಟ. ಹಾಗೆಯೇ ಬಿಳಿ ಎಳ್ಳು ಎಂದು ಮಾರುವುದರಲ್ಲಿ ಸಿಪ್ಪೆ ಸುಲಿದದ್ದೂ ಇರುತ್ತದೆ, ನೋಡಿ ತಗೊಳ್ಳಿ.

ಹೊಟ್ಟಿರುವ ನವಣೆಗೆ ಒಂದು ಉಪಾಯವಿದೆ. ಲವ್ ಬರ್ಡ್ಸ್ ಸಾಕುವವರು ಕಾಳು ತರುವ ಅಂಗಡಿ ಇರುತ್ತದಲ್ಲ, ಮೀನಿನ ತೊಟ್ಟಿ, ಪಂಜರ ಎಲ್ಲ ಮಾರುವವರು, ಅಲ್ಲಿ ಕೇಳಿ. ಹಳದಿಯಾಗಿ ಹೊಳೆಯುವ ಸಣ್ಣ ಕಾಳು, ಅದೇ ನವಣೆ. ಗಿಳಿಗೆಂದು ಇಡುವ ಸೂರ್ಯಕಾಂತಿಯೂ ಅಲ್ಲೇ ಸಿಪ್ಪೆ ಸಮೇತ ಸಿಗುತ್ತದೆ. ಹಕ್ಕಿ ತಿನ್ನಲೆಂದೇ ಇಟ್ಟದ್ದಾದ್ದರಿಂದ ಔಷಧಿ ಹಚ್ಚಿರುವುದಿಲ್ಲ. ಆದರೆ ಹುರಿದದ್ದಲ್ಲ ತಾನೆ ಎಂದು ಕೇಳಿ ತನ್ನಿ. ಆ ಕಾಳಿನಲ್ಲಿ ಕಳೆಯ ಬೀಜ ಸೇರಿರುವುದುಂಟು, ಮೊರದಲ್ಲಿ ಹಾಕಿ ಕೇರಿ, ಅಕ್ಕಿ ಆರಿಸುವ ಹಾಗೆ ಆರಿಸಿ. ಅಂದಹಾಗೆ, ಗಿಳಿ ವಿಷಯ ಬಂತು. ಮಡಿಗೆ ಗಿಳಿ ಬರಲು ಶುರುವಾದರೆ ಬೀದಿಯ ಹುಡುಗರು ಹಿಡಿದು ಸಾಕೋಣ ಅಂತ ಬರ್ತಾರೆ. ನಮ್ಮ ಊರಿನ ಗಿಳಿಗಳನ್ನು ಹಿಡಿಯುವುದಾಗಲಿ ಪಂಜರದಲ್ಲಿ ಇಡುವುದಾಗಲಿ 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಗದರಿಸಿ ಕಳಿಸಿ.

ಸೂರ್ಯಕಾಂತಿಗೆ ಇನ್ನೊಂದು ಜಾಗ ಎಣ್ಣೆ ಗಾಣ. ಈಚೆಗೆ ಮರದ ಗಾಣಗಳು ಊರೂರಿಗೆ ಮತ್ತೆ ಬಂದಿವೆ. ರೈತರು ತಂದು ಸುರಿದ ಕಾಳು ಮೂಟೆಗಟ್ಟಲೆ ಅಲ್ಲಿರುತ್ತದೆ. ಎಣ್ಣೆ ಕೊಳ್ಳಲು ಹೋದಾಗ "ಒಂದು ಹಿಡಿ ಕಾಳು ಕೊಡಿ ಅಣ್ಣಾ" ಎಂದರೆ ಯಾರೂ ಇಲ್ಲ ಅನ್ನರು. ಹಿಟ್ಟಿನ ಗಿರಣಿಯೂ ಹಾಗೇ. ನಾನು ಜೋಳ ಸಂಪಾದಿಸಿದ್ದು ಗಿರಣಿಯ ಸಾಲಿನಲ್ಲಿ. ನನ್ನ ಮುಂದೆ ನಿಂತಿದ್ದವರ ಡಬ್ಬದಲ್ಲಿ ಒಳ್ಳೆ ಮುತ್ತಿನಂಥ ಬಿಳಿಜೋಳ ಇತ್ತು, ತವರಿನದಂತೆ. ನನ್ನ ರಾಗಿ ಒಂದು ಬೊಗಸೆ ಅವರಿಗೆ, ಅವರ ಜೋಳ ಒಂದು ಬೊಗಸೆ ನನಗೆ. ದುಡ್ಡೇ ಇಲ್ಲ! ನಿಮ್ಮ ಊರಿನ ಸ್ತ್ರೀಶಕ್ತಿ ಸಂಘದಲ್ಲಿ ಒಂದು ಮಾತು ಹಾಕಿ ನೋಡಿ, ಹತ್ತು ಮನೆಯಿಂದ ಹತ್ತು ಬಗೆ ಕಾಳು ಬರುತ್ತದೆ.

ಹಾಗೆಂದು ಸರ್ಕಾರದ ಬೀಜ ಬೇಡವೆಂದಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ದರದಲ್ಲಿ ಬೀಜ ಕೊಡುತ್ತಾರೆ. ಆದರೆ ಅದು ಜಮೀನಿನ ದಾಖಲೆ ಇರುವ ರೈತರಿಗೆ, ಚೀಲದ ಲೆಕ್ಕದಲ್ಲಿ. ಸೈಟಿನ ಒಂದು ಮಡಿಗೆ ಅಲ್ಲಿ ಹೋಗಿ ನಿಲ್ಲುವುದು ಸುಮ್ಮನೆ ಓಡಾಟ. ಅದಕ್ಕಿಂತ ಕೃಷಿ ಮೇಳಕ್ಕೆ ಹೋಗಿ ಬನ್ನಿ. ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲಿ ಸಾಮಾನ್ಯವಾಗಿ ನವೆಂಬರಿನಲ್ಲಿ, ಧಾರವಾಡದಲ್ಲಿ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ವಿಶ್ವವಿದ್ಯಾಲಯದವರೇ ಬೀಜದ ಮಳಿಗೆ ಹಾಕಿರುತ್ತಾರೆ. ಸಹಜ ಸಮೃದ್ಧದವರು ನಡೆಸುವ ದೇಸಿ ಬೀಜ ಮೇಳಗಳಲ್ಲಿ ಸಣ್ಣ ಪೊಟ್ಟಣದಲ್ಲೂ ಸಿಗುತ್ತದೆ, ಹೊಟ್ಟಿರುವ ಸಾಮೆ, ಕೊರಲೆ, ಊದಲು ಮುಂತಾದವು ಅಲ್ಲಿ ಕಾಣಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ, ಒಂದು ದಿನದ ತಿರುಗಾಟವೂ ಆದೀತು.

ಹೈಬ್ರಿಡ್ ಬೇಕೇ, ನಾಟಿ ಬೇಕೇ ಎಂದು ಇನ್ನೊಬ್ಬರು ಕೇಳಿದ್ದರು. ಹೈಬ್ರಿಡ್ ಬೆಳೆಯ ಕಾಳನ್ನು ಮತ್ತೆ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ ಕುಳ್ಳು, ತೆನೆ ಹೆಚ್ಚು ಕಡಿಮೆ ಆಗುತ್ತದೆ. ರೈತರಿಗೆ ಅದು ನಷ್ಟ. ಗುಬ್ಬಿಗೆ ಏನು ನಷ್ಟ ಹೇಳಿ? ತೆನೆ ಗಿಡ್ಡವಾಯಿತು ಅಂತ ಅದೇನು ದೂರು ಕೊಡುವುದಿಲ್ಲ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಇದನ್ನು ಗಮನವಿಟ್ಟು ಓದಿ, ಮನೆಯವರಿಗೂ ಓದಿ ಹೇಳಿ.

ಬಿಟ್ಟಿಯಾಗಿ ಸಿಗುವ ಬೀಜವೊಂದಿದೆ, ಅದನ್ನು ಮಾತ್ರ ಮುಟ್ಟಬೇಡಿ. ಹೊಲ ಇರುವ ನೆಂಟರ ಮನೆಯಲ್ಲಿ ಬಿತ್ತಿ ಮಿಕ್ಕಿದ ಕಾಳು ಚೀಲದ ತಳದಲ್ಲಿ ಉಳಿದಿರುತ್ತದೆ. ಗುಲಾಬಿ ಬಣ್ಣ, ಕೆಲವೊಮ್ಮೆ ಕೆಂಪು, ನೀಲಿ, ಹಸಿರು. ನೋಡಲು ಜಾತ್ರೆಯ ಬತ್ತಾಸಿನ ಹಾಗಿರುತ್ತದೆ. ಆ ಬಣ್ಣ ಚೆಂದಕ್ಕೆ ಹಾಕಿದ್ದಲ್ಲ, ಔಷಧಿ ಹಚ್ಚಿದೆ ಎಂದು ಗುರುತಿಗೆ ಹಾಕಿದ್ದು. ಬೂಷ್ಟು ಹಿಡಿಯದ ಹಾಗೆ ಥೈರಮ್, ಕ್ಯಾಪ್ಟಾನ್ ಅಂಥವು ಹಚ್ಚುತ್ತಾರೆ. ಹುಳ ಬೀಳದ ಹಾಗೆ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಹಚ್ಚುವುದೂ ಉಂಟು. ಈ ಎರಡನೆಯದು ಹಚ್ಚಿದ ಕೆಲವೇ ಕಾಳು ತಿಂದರೂ ಗುಬ್ಬಿಯಂಥ ಸಣ್ಣ ಹಕ್ಕಿಯ ಪ್ರಾಣಕ್ಕೆ ಸಂಚಕಾರ. ಚೀಲದ ಮೇಲೆ ಆಹಾರಕ್ಕಾಗಲಿ ಮೇವಿಗಾಗಲಿ ಎಣ್ಣೆಗಾಗಲಿ ಬಳಸಬಾರದು ಎಂದು ಅಚ್ಚು ಹಾಕಿರಲೇಬೇಕು, ಹಾಗೆಂದು ಬೀಜದ ಕಾನೂನಿನಲ್ಲೇ ಇದೆ. ಆದರೆ ಅಚ್ಚು ಹಾಕಿದ್ದು ಸಣ್ಣಕ್ಷರ, ಅದೂ ಎಷ್ಟೋ ಚೀಲದ ಮೇಲೆ ಇಂಗ್ಲಿಷಿನಲ್ಲಿ. ಚೀಲ ಹರಿದು ಕಾಳು ಡಬ್ಬಕ್ಕೆ ಬಂದ ಮೇಲೆ ಅದನ್ನು ಯಾರು ಓದುತ್ತಾರೆ?

ನಮ್ಮ ಬೀದಿಯಲ್ಲೇ ಎರಡು ವರ್ಷದ ಹಿಂದೆ ನಡೆದದ್ದು ಹೇಳುತ್ತೇನೆ. ವಯಸ್ಸಾದ ತಾಯಿಯೊಬ್ಬರು, ಬೆಳಗಾದರೆ ಮಹಡಿಯ ಮೇಲೆ ಪಾರಿವಾಳ, ಬೆಳವಗಳಿಗೆ ಕಾಳು ಹಾಕುವುದು ಅವರಿಗೆ ಪೂಜೆಯಷ್ಟೇ ಮುಖ್ಯ. ತಮ್ಮನ ಊರಿನಿಂದ ಒಂದು ಸೇರಿನಷ್ಟು ಗುಲಾಬಿ ಜೋಳ ಬಂತು. ಬಿಸಾಡಲು ಮನಸ್ಸಾಗಲಿಲ್ಲ, ಎರಡು ಸಲ ತೊಳೆದು ಒಣಗಿಸಿ ಹಾಕಿದರು. ಸಂಜೆಗೆ ನೀರಿನ ತೊಟ್ಟಿಯ ಪಕ್ಕ ಐದು ಬೆಳವ ರೆಕ್ಕೆ ಚಾಚಿ ಬಿದ್ದಿದ್ದವು. ಆ ತಾಯಿ ಎರಡು ದಿನ ಊಟ ಮಾಡಲಿಲ್ಲ. ಸೊಸೆ ಬಂದು ನನ್ನನ್ನು ಕರೆದಳು, ನಾನು ಹೋಗಿ ಕೂತೆ, ಆದರೆ ಏನು ಸಮಾಧಾನ ಹೇಳುವುದು? ಅವರಿಗೆ ಓದು ಬರುವುದಿಲ್ಲ. ಕೊಟ್ಟವರಿಗೆ ಗೊತ್ತಿತ್ತು, "ತಿನ್ನೋಕಲ್ಲ" ಅಂತ ಒಂದು ಮಾತು ಹೇಳಿ ಕೊಡಬೇಕಿತ್ತು. ಇವತ್ತಿಗೂ ಅವರ ಮಹಡಿಯ ಮೇಲೆ ಕಾಳಿಲ್ಲ.

ತೊಳೆದರೆ ಹೋಗುತ್ತದೆ ಎಂದು ಯಾರು ಹೇಳಿದರೂ ನಂಬಬೇಡಿ. "ಹಾಕುವುದಿಲ್ಲ, ಮಣ್ಣಲ್ಲಿ ಬಿತ್ತುತ್ತೇನೆ ತಾನೆ" ಎಂದರೂ ನಮ್ಮ ಕೆಲಸಕ್ಕೆ ಅದು ಬೇಡ. ಹಕ್ಕಿ ಬರಲಿ ಅಂತ ಮಾಡುವ ಮಡಿ ಇದು. ಅವು ಬಂದು ಮೊದಲು ಮಾಡುವ ಕೆಲಸವೇ ಮಣ್ಣು ಕೆದಕುವುದು. ಮಿಕ್ಕ ಬಣ್ಣದ ಕಾಳು ಮನೆಯಲ್ಲಿದ್ದರೆ ಮಕ್ಕಳ ಕೈಗೆ, ಕೋಳಿ ಬಾಯಿಗೆ ಸಿಗದ ಹಾಗೆ ಎತ್ತಿಟ್ಟು, ಹೊಲದವರಿಗೇ ವಾಪಸ್ಸು ಕೊಡಿ.

ಸಂತೆಯ ಕಾಳು ಹುಟ್ಟುತ್ತದೋ ಇಲ್ಲವೋ ಎಂಬ ಅನುಮಾನಕ್ಕೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಇಪ್ಪತ್ತು ಕಾಳು ಎಣಿಸಿ, ಆರಿಸಬೇಡಿ, ಕೈಗೆ ಸಿಕ್ಕ ಹಾಗೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ತಟ್ಟೆಯಲ್ಲಿಟ್ಟು, ದಿನಕ್ಕೆ ಎರಡು ಸಲ ನೀರು ಚಿಮುಕಿಸಿ. ಐದನೆಯ ದಿನ ಬಿಚ್ಚಿ ನೋಡಿ. ಹದಿನೈದು ಮೊಳೆತಿದ್ದರೆ ನೂರಕ್ಕೆ 75 ಎಂದಾಯಿತು. ಜೋಳ, ಸಜ್ಜೆ, ರಾಗಿ, ನವಣೆಗೆ ಸರ್ಕಾರ ಪ್ರಮಾಣಿತ ಬೀಜದಲ್ಲಿ ಇಷ್ಟಾದರೂ ಇರಬೇಕು ಅನ್ನುವುದೂ ಅದನ್ನೇ. ನೀಲಿ ಚೀಟಿ ಹೊಲಿದ ಚೀಲಕ್ಕೂ ನಿಮ್ಮ ಸಂತೆಯ ಕಾಳಿಗೂ ಅಷ್ಟರ ಮಟ್ಟಿಗೆ ಸರಿಸಮ. ಹತ್ತೇ ಮೊಳೆತರೆ ಎರಡರಷ್ಟು ಬಿತ್ತಿ, ಅಷ್ಟೆ. ಸೂರ್ಯಕಾಂತಿ ಮಾತ್ರ ಆಗತಾನೆ ಕೊಯ್ದು ತಂದದ್ದಾದರೆ ಒಂದೂವರೆ ತಿಂಗಳು ಮಲಗಿರುತ್ತದೆ, ಹುಟ್ಟಲಿಲ್ಲ ಎಂದು ಎಸೆಯಬೇಡಿ.

ಏನು ಬಿತ್ತಬೇಕು ಎಂಬುದಕ್ಕೆ ನನ್ನ ಮತ ಸಜ್ಜೆ ಮತ್ತು ನವಣೆಗೆ. ಸಜ್ಜೆ 85-90 ದಿನಕ್ಕೆ, ನವಣೆಯೂ ಹೆಚ್ಚು ಕಡಿಮೆ ಅಷ್ಟಕ್ಕೇ ಬರುತ್ತದೆ. ಎರಡೂ ಮಳೆಯ ನೀರಲ್ಲೇ ಆಗುತ್ತವೆ. ಗುಬ್ಬಿ, ರಾಟವಾಳ ಎರಡಕ್ಕೂ ಬಾಯಿಗೆ ಸರಿಯಾದ ಕಾಳು. ಜೋಳ ಹಕ್ಕಿಗಳಿಗೆ ಇಷ್ಟ, ಆದರೆ ನಿಮ್ಮ ಸೈಟಿಗೆ ಬೇಲಿ ಇಲ್ಲದಿದ್ದರೆ ಬೇಡ. ಮೊಣಕಾಲೆತ್ತರದ ಎಳೆ ಜೋಳದಲ್ಲಿ ವಿಷ ಇರುತ್ತದೆ, ಮಳೆ ಕೈಕೊಟ್ಟು ಬಾಡಿದಾಗ ಇನ್ನೂ ಹೆಚ್ಚು. ಬೀದಿ ದನ ನುಗ್ಗಿ ಮೇಯ್ದರೆ ಸಾಯುತ್ತದೆ. ಸಜ್ಜೆಗೆ ಆ ಕಾಟವಿಲ್ಲ. ಸೂರ್ಯಕಾಂತಿ ಒಂದು ಬದಿಗೆ ಹತ್ತಿಪ್ಪತ್ತು ಗಿಡ ಇರಲಿ, ಅದು ಗಿಳಿಯ ಪಾಲು. ದಂಟಿನ ಸೊಪ್ಪು ಹಾಕಿದ್ದರೆ ಎರಡು ಗಿಡ ಕೀಳದೆ ತೆನೆಯಾಗಲು ಬಿಡಿ. ಒಂದು ಗಿಡದ ಬೀಜ ಬೀದಿಗೆಲ್ಲ ಹಂಚುವಷ್ಟಾಗುತ್ತದೆ.

ಒಂದೇ ದಿನ ಎಲ್ಲ ಬಿತ್ತಬೇಡಿ. ಆರಿದ್ರೆ ಮಳೆಗೆ ಒಂದು ಸಾಲು, ಪುಷ್ಯಕ್ಕೆ ಇನ್ನೊಂದು ಸಾಲು ಎಂದು ಮೂರು ವಾರಕ್ಕೊಮ್ಮೆ ಬಿತ್ತಿದರೆ ತೆನೆಯೂ ಒಂದಾದ ಮೇಲೊಂದು ಬರುತ್ತದೆ. ಬಿತ್ತಿದ ಮೇಲೆ ಒಣ ತೆಂಗಿನ ಗರಿ ಮುಚ್ಚಿ, ಮೊಳಕೆ ಕಂಡ ಕೂಡಲೇ ತೆಗೆಯಿರಿ. ಔಷಧಿ ಹೊಡೆಯುವ ಮಾತೇ ಬೇಡ. ಗುಬ್ಬಿ ಕಾಳು ತಿನ್ನುವ ಹಕ್ಕಿ ನಿಜ, ಆದರೆ ಅದರ ಮರಿಗೆ ಮೊದಲ ದಿನಗಳಲ್ಲಿ ಹುಳುವೇ ಅನ್ನ. ಅವರೆ ಬಳ್ಳಿಗೆ ಹತ್ತಿದ ಹೇನು, ಎಲೆಯ ಮೇಲಿನ ಹಸಿರು ಹುಳು ಇವನ್ನೆಲ್ಲ ತಾಯಿ ಗುಬ್ಬಿ ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗುತ್ತದೆ. ಅದಕ್ಕೇ ಮಡಿಯ ಅಂಚಿಗೆ ಒಂದಿಷ್ಟು ಸಾಸಿವೆ, ನಾಲ್ಕು ಅವರೆ ಬಳ್ಳಿ ಹಾಕಿ ಎನ್ನುವುದು. ಹೇನು ಹತ್ತಿದರೆ ಹತ್ತಲಿ.

ದೊಡ್ಡ ಊರುಗಳಲ್ಲಿ ಗುಬ್ಬಿ ಕಡಿಮೆಯಾದರೂ ದೇಶದಲ್ಲಿ ಒಟ್ಟಾರೆ ಅವು ಹೆಚ್ಚು ಕಡಿಮೆ ಇದ್ದ ಹಾಗೇ ಇವೆ ಎಂದು 2020ರಲ್ಲಿ ಬಂದ ಹಕ್ಕಿಗಳ ವರದಿ ಹೇಳಿತು. ಬೆಂಗಳೂರಿನ ನಾದಿನಿ ಮಾರ್ಚ್ 20ರ ಗುಬ್ಬಿ ದಿನಕ್ಕೆ ಪ್ರತಿ ವರ್ಷ ಗುಬ್ಬಿ ಚಿತ್ರ ಕಳಿಸುತ್ತಾಳೆ, ನಮ್ಮಲ್ಲಿ ಗುಬ್ಬಿಯೇ ಬಂದು ಅಕ್ಕಿ ಮೊರದ ಮೇಲೆ ಕೂರುತ್ತದೆ. ನಮ್ಮಂಥ ಸಣ್ಣ ಊರಿನ ಹೆಂಚಿನ ಮನೆ, ಹಿತ್ತಲು, ಕೇರುವ ಮೊರ ಇರುವತನಕ ಅವು ಇಲ್ಲಿರುತ್ತವೆ. ಮೊರವೂ ಈಗ ಮೂಲೆ ಸೇರುತ್ತಿದೆ. ಕಲ್ಲಿಲ್ಲದ ಅಕ್ಕಿ, ಕಟ್ಟಿದ ಪೊಟ್ಟಣ. ನಮ್ಮತ್ತೆ ಕೇರುವಾಗ ಅಂಗಳಕ್ಕೆ ಬೀಳುತ್ತಿದ್ದ ನುಚ್ಚು ಈಗ ಬೀಳುವುದಿಲ್ಲ. ಜಗಲಿಗೆ ಭತ್ತದ ತೆನೆಯ ಗೊಂಚಲು ಕಟ್ಟುವವರೂ ಕಡಿಮೆಯಾದರು. ಆ ಪಾಲನ್ನು ಮಡಿಯಲ್ಲಿ ಕೊಡೋಣ ಅಂತಲೇ ನಾನು ಇಷ್ಟೆಲ್ಲ ಬರೆಯುತ್ತಿರುವುದು.

ನಮ್ಮ ಭಾವನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಜಿಂಕೆಗಳಿಗೆ, ಕಾಡಿನ ಟರ್ಕಿ ಕೋಳಿಗಳಿಗೆ ಅಂತಲೇ ಹೊಲ ಬಿತ್ತುವವರಿದ್ದಾರೆ, ಅದಕ್ಕೆ ಬೀಜದ ಚೀಲಗಳೇ ಬೇರೆ ಬರುತ್ತವೆ ಎಂದು ಫೋನಿನಲ್ಲಿ ಹೇಳಿದಾಗ ಎಷ್ಟು ಒಳ್ಳೆ ಜನ ಅಂದುಕೊಂಡೆ. ಆಮೇಲೆ ಹೇಳಿದ, ಬಹಳಷ್ಟು ಮಂದಿ ಬಿತ್ತುವುದು ಬೇಟೆಯ ಕಾಲಕ್ಕೆ ಜಿಂಕೆ ಅಲ್ಲಿಗೆ ಬರಲಿ ಅಂತಂತೆ. ಹೂಂ, ಅವರವರ ಲೆಕ್ಕ ಅವರವರಿಗೆ.

ಒಂದು ಎಚ್ಚರಿಕೆ ಇದೆ. ನಿಮ್ಮ ಸೈಟು ಊರ ಹೊರಗಿದ್ದು, ಪಕ್ಕದಲ್ಲೇ ಯಾರದೋ ಜೋಳದ, ಸಜ್ಜೆಯ ಹೊಲವಿದ್ದರೆ ಮಡಿ ಮಾಡಬೇಡಿ. ತೆನೆ ಹಾಲುಗಾಳು ಕಟ್ಟುವ ಹೊತ್ತಿಗೆ ಅಟ್ಟಣೆ ಹಾಕಿ, ತಗಡು ಬಡಿದು ಹಗಲೆಲ್ಲ ಹಕ್ಕಿ ಕಾಯುವವರ ಕಷ್ಟ ಕಾದವರಿಗೇ ಗೊತ್ತು. ನಾವು ಕರೆದ ಗುಂಪು ಅವರ ಹೊಲಕ್ಕಿಳಿದರೆ ನಮಗೆ ಪುಣ್ಯವೂ ಇಲ್ಲ, ನೆರೆಹೊರೆಯೂ ಇಲ್ಲ. ಊರೊಳಗಿನ ಸೈಟು, ಹಿತ್ತಲು ಇಂಥ ಕಡೆ ತೊಂದರೆಯಿಲ್ಲ. ಮನೆಯ ಗೋಡೆಗೆ ತಾಗಿಸಿ ಮಾತ್ರ ಬಿತ್ತಬೇಡಿ. ಕಾಳು ಉದುರಿದ ಕಡೆ ಇಲಿ, ಇಲಿ ಇದ್ದ ಕಡೆ ಹಾವು. ಹತ್ತು ಹದಿನೈದು ಅಡಿ ದೂರವಿರಲಿ, ತೆನೆ ಖಾಲಿಯಾದ ದಂಟನ್ನು ಕಿತ್ತು ಹಸುವಿನ ಮನೆಗೆ ಕೊಡಿ.

ಬಾಡಿಗೆ ಮನೆ, ಹಿತ್ತಲಿಲ್ಲ ಎನ್ನುವವರು ಮಹಡಿಯ ಮೇಲೆ ಹಳೇ ಬಕೆಟ್ಟಿನಲ್ಲಿ ನವಣೆ ಬೆಳೆಯಬಹುದು. ಒಂದು ಬಕೆಟ್ಟಿಗೆ ಹತ್ತು ಕಾಳು ಹಾಕಿ, ಐದು ಗಿಡ ಉಳಿಸಿ. ತಳಕ್ಕೆ ತೂತು ಮಾಡುವುದು ಮರೆಯಬೇಡಿ.

ಬರುವ ವರ್ಷದ ಬೀಜಕ್ಕೆ ಎರಡು ಒಳ್ಳೆ ತೆನೆಗಳಿಗೆ ಹಳೆ ತೆಳು ಬಟ್ಟೆಯ ಚೀಲ ಕಟ್ಟಿ ಹಕ್ಕಿಯಿಂದ ಉಳಿಸಿಕೊಳ್ಳಿ. ಚೆನ್ನಾಗಿ ಒಣಗಿಸಿ, ಒಲೆಯ ಬೂದಿ ಬೆರೆಸಿ, ನಾಲ್ಕು ಒಣ ಬೇವಿನೆಲೆ ಹಾಕಿ ಬಾಟಲಿಯಲ್ಲಿ ಮುಚ್ಚಿಡಿ. ಮೇಲೆ ಹೆಸರು, ತಿಂಗಳು ಬರೆದ ಚೀಟಿ ಅಂಟಿಸಿ.

ಸಂತೆಯಿಂದ ತಂದ ಅರ್ಧ ಕೆ.ಜಿ. ಸಜ್ಜೆಯಲ್ಲಿ ಮಡಿಗೆ ಹೋಗಿ ಉಳಿದದ್ದನ್ನು ಏನು ಮಾಡುವುದು ಎಂದು ಕೇಳಬೇಡಿ. ಬಿಸಿ ಮಾಡದೆ ಹಾಗೇ ಬೀಸಿಸಿ, ಕುದಿಯುವ ನೀರಿಗೆ ಉಪ್ಪು ಹಾಕಿ ಹಿಟ್ಟು ಕಲಸಿ, ಚೆನ್ನಾಗಿ ನಾದಿ, ಮೇಲೆ ಎಳ್ಳು ಉದುರಿಸಿ ರೊಟ್ಟಿ ತಟ್ಟಿ. ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ, ಒಂದು ವಾರಕ್ಕಾಗುವಷ್ಟೇ ಬೀಸಿಸಿ. ಬದನೆಕಾಯಿ ಎಣ್ಣೆಗಾಯಿ ಜೊತೆಗಿದ್ದರೆ ನಕ್ಕ ಯಜಮಾನರೂ ಇನ್ನೊಂದು ರೊಟ್ಟಿ ಕೇಳುತ್ತಾರೆ.

ಹಿರಿಯೂರಿನ ಸೋದರಿ, ಪಾರ್ಥೇನಿಯಂ ಹೂ ಬಿಡುವ ಮೊದಲೇ ಕೀಳಿಸಿ, ಕೀಳುವವರ ಕೈಗೆ ಬಟ್ಟೆಯನ್ನಾದರೂ ಸುತ್ತಿಸಿ, ಇಲ್ಲದಿದ್ದರೆ ತುರಿಕೆ ಬರುತ್ತದೆ. ಮೊದಲ ತೆನೆ ಬಂದಾಗ ಯಾವ ಯಾವ ಹಕ್ಕಿ ಬಂತು ಎಂದು ಮತ್ತೊಂದು ಕಾಗದ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅವರೆ ಬಳ್ಳಿಗೆ ಚಪ್ಪರ ಹಾಕುವ ವಿಚಾರ.